ಮರಳಿನ ಮೇಲಿನ ಐದು ಗೆರೆ

ಜಾರುಬಂಡೆಯ ಬುಡದ ಮರಳಿನಲ್ಲಿ ಐದು ಗೆರೆಗಳಿದ್ದವು. ಐದು ಬೆರಳು ಅಗಲಿಸಿ ಎಳೆದಂಥ ಗೆರೆ, ನೇಗಿಲ ಸಾಲಿನ ಹಾಗೆ. ಬೆಳಿಗ್ಗೆ ನಾನೇ ಹಲಗೆ ಎಳೆದು ಮಟ್ಟ ಮಾಡಿದ್ದ ಮರಳು ಅದು. ಮಧ್ಯಾಹ್ನ ಪಾರ್ಕಿನ ಬಾಗಿಲು ಹಾಕಿದರೆ ಮತ್ತೆ ತೆಗೆಯುತ್ತಿದ್ದುದು ನಾಲ್ಕು ಗಂಟೆಗೆ. ಆ ನಡುವೆ ಒಳಗೆ ನರಪಿಳ್ಳೆಯೂ ಇರಕೂಡದು. ಹಾಗಿದ್ದರೆ ಗೆರೆ ಎಳೆದವರು ಯಾರು?

ನಾನು ಆಗ ಆ ಪಾರ್ಕಿನ ಮಾಲಿ. ಓದುಬರಹ ಅಷ್ಟಕ್ಕಷ್ಟೆ, ಆದರೆ ಯಾವ ಗಿಡ ಎಲ್ಲಿತ್ತು ಎನ್ನುವುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುದುಕರಿಗೆ ಓದುವ ಕೋಣೆ, ಹರೆಯದವರಿಗೆ ಚೆಂಡಾಟದ ಅಂಗಳ, ಹೊಸದಾಗಿ ಮದುವೆಯಾದವರಿಗೆ ದೋಣಿಯ ಕೊಳ. ಮಕ್ಕಳಿಗೆ ಮಾತ್ರ ಏನೂ ಇಲ್ಲವೆಂದು ಹಳೆಯ ಗರಡಿಮನೆ ಕೆಡವಿ, ಕುಸ್ತಿಯಾಡುತ್ತಿದ್ದ ಮಣ್ಣಿನ ಮೇಲೆಯೇ ಮರಳು ಸುರಿದು ಜಾರುಬಂಡೆ, ಉಯ್ಯಾಲೆ ನಿಲ್ಲಿಸಿದ್ದರು. ಆ ತಿಂಗಳು ನಾನು ಹೊಸ ಮರಳು ಹಾಕಿದ ಎರಡನೆಯ ದಿನ ಗೆರೆ ಕಂಡದ್ದು.

ಅದೇ ವಾರ ಒಂದು ಹುಡುಗಿಯ ಪಾದಕ್ಕೆ ಗಾಜು ಹೊಕ್ಕಿತು. ಮರುದಿನ ಇನ್ನೊಂದು ಮಗುವಿನ ಅಂಗೈ ಸೀಳಿತು. ಮೇಲ್ವಿಚಾರಕರಾದ ಶ್ರೀಕಂಠಯ್ಯನವರು ನನ್ನನ್ನು ಕರೆಸಿದರು.

"ಮರಳಿನ ಉಸ್ತುವಾರಿ ನಿನ್ನದಲ್ವೇನಯ್ಯಾ? ಯಾರು ಅಂತ ಹಿಡಿದು ಕೊಡು. ಇಲ್ಲದಿದ್ರೆ ನಾಳೆಯಿಂದ ಬರಬೇಡ."

ಬಾಗಿಲ ಹೊರಗೆ ಕಡಲೆಕಾಯಿ ಮಾರುತ್ತಿದ್ದ ಸಣ್ಣತಾಯಮ್ಮ ನನ್ನ ಮುಖ ನೋಡಿಯೇ ಕೇಳಿದಳು, "ಬೋರಣ್ಣನ ಮ್ಯಾಲೆ ಒಂದ್ ಕಣ್ಣಿಟ್ಟಿದ್ದೀಯಾ?"

ಬೋರಣ್ಣ ಆ ಗರಡಿಯ ಉಸ್ತಾದ. ಎರಡು ತಲೆಮಾರಿಗೆ ಕುಸ್ತಿ ಕಲಿಸಿದವನು.

"ಗರಡಿ ಕೆಡವ್ದಾಗ ಅವ್ನು ಬೈದಿದ್ರೆ ಸರಿಯಾಗಿರೋದು ಕಣಣ್ಣ. ತುಟಿಪಿಟಕ್ ಅನ್ನದೆ ಎದ್ದೋದ. ನಂಗ್ಯಾಕೋ ಅದೇ ಭಯ."

ನನ್ನ ತಲೆಗೆ ಹುಳ ಹೊಕ್ಕಿತು. ಹಿಂದಿನ ಗೋಡೆಯ ಸಣ್ಣ ಬಾಗಿಲ ಬೀಗದ ಕೈ ಇನ್ನೂ ಬೋರಣ್ಣನ ಬಳಿಯೇ ಇತ್ತು. ಅದನ್ನು ವಾಪಸು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಮಧ್ಯಾಹ್ನ ಕಣಗಿಲೆ ಗಿಡಗಳ ಹಿಂದೆ ಅಡಗಿ ಕೂತೆ. ಸಣ್ಣ ಬಾಗಿಲು ಕಿರುಗುಟ್ಟಿತು. ಬೋರಣ್ಣ ಬಂದ. ಚಪ್ಪಲಿ ದೂರ ಬಿಟ್ಟ. ಮರಳಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ಏನನ್ನೋ ಚಿಟಿಕೆಯಷ್ಟು ತೆಗೆದು ಹಣೆಗೆ ಇಟ್ಟುಕೊಂಡ. ತುಟಿ ಅಲ್ಲಾಡುತ್ತಿತ್ತು. ಮಾಟವೇ ಇರಬೇಕು ಎಂದುಕೊಂಡೆ. ಆಮೇಲೆ ಮೊಣಕಾಲೂರಿ ಐದು ಬೆರಳಿನಿಂದ ಮರಳನ್ನು ಬಾಚತೊಡಗಿದ. ಪಕ್ಕದಲ್ಲಿ ಟವೆಲು ಹಾಸಿದ್ದ. ಕೈ ಟವೆಲಿನಿಂದ ಮರಳಿಗೆ ಹೋಗುತ್ತಿತ್ತೋ, ಮರಳಿನಿಂದ ಟವೆಲಿಗೋ, ದೂರಕ್ಕೆ ತಿಳಿಯಲಿಲ್ಲ. ಹತ್ತಿರ ಹೋಗಿ ತಿಳಿದುಕೊಳ್ಳಲಿಲ್ಲ. ನನಗೆ ಬೇಕಾಗಿದ್ದದ್ದು ಹಿಡಿದು ಕೊಡಲು ಒಬ್ಬ ಆಸಾಮಿ.

ಮರುದಿನ ಅದೇ ಹೊತ್ತಿಗೆ ಶ್ರೀಕಂಠಯ್ಯನವರನ್ನೇ ಕರೆತಂದೆ. ಬೋರಣ್ಣನ ಟವೆಲು ಕೊಡವಿದರೆ ಗಾಜಿನ ಚೂರುಗಳು ಉದುರಿದವು.

"ಏನಯ್ಯಾ ಪೈಲ್ವಾನ, ಇದು?"

"ಗಾಜು ಆಯ್ತಾ ಇದ್ದೆ ಬುದ್ದಿ."

"ಆಯ್ತಾ ಇದ್ದೆಯೋ, ಹಾಕ್ತಾ ಇದ್ದೆಯೋ? ಕದ್ದು ಬಂದು ಗಾಜು ಆಯೋರನ್ನ ನಾನೆಲ್ಲೂ ಕಾಣೆ." ಅವರು ನನ್ನತ್ತ ತಿರುಗಿದರು. "ನೀನು ನೋಡಿದ್ದೇನು?"

"ಹಾಕ್ತಿದ್ದ ಸ್ವಾಮಿ," ಎಂದೆ.

ಬೋರಣ್ಣ ಮರಳಿನಿಂದ ಎದ್ದ. "ಒಳಗೆ ಇನ್ನೂ ಐತೆ ಕಣಪ್ಪ," ಎಂದು ಬೀಗದ ಕೈ ನೆಲದ ಮೇಲಿಟ್ಟು ಹೊರಟುಹೋದ. ಅದು ಬೆದರಿಕೆಯೆಂದೇ ನಮ್ಮಿಬ್ಬರಿಗೂ ಕೇಳಿಸಿತು.

ಗೆರೆಗಳು ನಿಂತವು. ಗಾಜು ನಿಲ್ಲಲಿಲ್ಲ. ನಾಲ್ಕನೆಯ ದಿನ ಮತ್ತೊಂದು ಮಗು ಅಳುತ್ತ ಕುಂಟಿಕೊಂಡು ಹೋಯಿತು. ನಾನು ಮರಳಿಗೆ ಕೈ ಹಾಕಿದೆ. ಬೆರಳು ಚುರ್ ಎಂದಿತು. ಸಿಕ್ಕಿದ ಚೂರನ್ನು ಬಿಸಿಲಿಗೆ ಹಿಡಿದೆ: ತಿಳಿ ಹಸಿರು. ಅಂಥ ಗಾಜು ಇದ್ದದ್ದು ಓದುವ ಕೋಣೆಯ ಕಿಟಕಿಗೆ ಮಾತ್ರ. ಬಿರುಗಾಳಿಗೆ ಒಡೆದ ಆ ಕಿಟಕಿಯ ಗಾಜನ್ನು ಗುಡಿಸಿ, ಕೋಣೆಯ ಹಿಂದಿನ ಮರಳ ರಾಶಿಯ ಅಂಚಿಗೆ ಸುರಿದವನು ನಾನು. ಆಮೇಲೆ ಅದೇ ರಾಶಿಯಿಂದ, ಅದೇ ಬಾಂಡ್ಲಿಯಲ್ಲಿ, ಮಕ್ಕಳಿಗೆ ಹೊಸ ಮರಳು ಹೊತ್ತವನೂ ನಾನೇ.

ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಶ್ರೀಕಂಠಯ್ಯನವರಿಗೆ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿದರು. "ಬೋರಣ್ಣನೇ ಅಂತ ಮೇಲಿನವರಿಗೆ ಬರೆದಾಯ್ತಲ್ಲಯ್ಯಾ. ಮರಳಿಗೆ ಜರಡಿ ಹಿಡಿ, ಸುಮ್ಮನಿರು."

ಅದೇ ಸಂಜೆ ಬೋರಣ್ಣ ಸಣ್ಣತಾಯಮ್ಮನ ಬುಟ್ಟಿಯ ಪಕ್ಕ, ಪಾರ್ಕಿನ ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ಬೆರಳ ತುದಿಯ ಗಾಯಗಳು ನನಗೆ ಆವತ್ತು ಕಂಡವು. ಮರಳ ಅಡಿಯ ಕೆಂಪು ಮಣ್ಣನ್ನು ಎಲೆಯಲ್ಲಿ ತಂದಿದ್ದೆ. ಅದರ ಜೊತೆ ಬೀಗದ ಕೈಯನ್ನೂ ಮುಂದಿಟ್ಟೆ.

"ತಪ್ಪಾಯ್ತು ಉಸ್ತಾದ್. ಗಾಜು ನಂದೇ. ಸುಳ್ಳೂ ನಂದೇ."

"ಥೂ ನಿನ್ನ!" ಎಂದಳು ಸಣ್ಣತಾಯಮ್ಮ. ಆಮೇಲೆ, ಮೊದಲು ಅವನ ಹೆಸರೆತ್ತಿದ್ದ ಅವಳೂ ತಲೆ ತಗ್ಗಿಸಿದಳು.

ಬೋರಣ್ಣ ಮಣ್ಣನ್ನು ಮೂಸಿದ. ಎಣ್ಣೆ, ಮಜ್ಜಿಗೆ, ಅರಿಶಿನ ಕುಡಿದು ಪಳಗಿದ ಗರಡಿಯ ಮಣ್ಣು. ಚಿಟಿಕೆ ಹಣೆಗಿಟ್ಟುಕೊಂಡ. ಬೀಗದ ಕೈ ಮುಟ್ಟಲಿಲ್ಲ.

"ಇನ್ನೊಬ್ರ ಮಕ್ಕಳನ್ನ ಮಣ್ಣಿಗಿಳಿಸೋ ಮುಂಚೆ ಕೈಯಾರೆ ಬಾಚ್ಬೇಕು ಕಣಪ್ಪ. ಜರಡಿ ಅಲ್ಲ, ಕೈ. ನಂಗೆ ಆ ಬಾಗ್ಲಿನ ಸಹವಾಸ ಸಾಕು. ನೀನು ಬಾಚು." ಎದ್ದು ನಿಂತು, "ಉಯ್ಯಾಲೆ ಕಡೆ ನಾನಿನ್ನೂ ಮುಗಿಸಿರ್ನಿಲ್ಲ," ಎಂದ.

ಅವನು ಮತ್ತೆ ಆ ಬಾಗಿಲು ದಾಟಲಿಲ್ಲ.

ಎಷ್ಟೋ ವರ್ಷದ ಮೇಲೆ, ನಾನು ಕೆಲಸ ಬಿಡುವ ದಿನ ಹತ್ತಿರವಿತ್ತು. ಮಧ್ಯಾಹ್ನ ಮೊಣಕಾಲೂರಿ ಮರಳು ಬಾಚುತ್ತಿದ್ದೆ. ಕಣಗಿಲೆಯ ಹಿಂದೆ ತರಗೆಲೆ ಸದ್ದಾಯಿತು. ಹೊಸದಾಗಿ ಬಂದಿದ್ದ ಕಾವಲುಗಾರ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದ. ನಾನು ತಲೆಯೆತ್ತಲಿಲ್ಲ. ಐದು ಬೆರಳು ಅಗಲಿಸಿ, ಇನ್ನೊಂದು ಸಾಲು ಎಳೆದೆ.