ಒಣಗದ ಕಪ್ಪು

ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆಯ ಕಟ್ಟೆಯ ಮೇಲಿದ್ದ ಸ್ಟೀಲಿನ ತಾಟು ಗುರ್ ಎಂದಿತು. ದಾನೇಶ್ವರಿ ತಟ್ಟನೆ ಎದ್ದು ಕುಳಿತಳು. ಅಷ್ಟು ಸಣ್ಣ ಸದ್ದಿಗೇ ಹರಿದುಹೋಗುವ ನಿದ್ದೆ ಅವಳದು. ತಾಟಿನಲ್ಲಿಟ್ಟಿದ್ದ ಫೋನು ನಡುಗುತ್ತಿತ್ತು. ಅದರ ಮೇಲೆ ಶಿವಶರಣನ ಹೆಸರು. ಆರು ವರ್ಷ ಅವಳು ದುಡಿದ ಸ್ಟುಡಿಯೊದ ಮಾಲಕ, ಎಂಟು ತಿಂಗಳಿಂದ ಒಂದು ಮಾತೂ ಆಡದವನು. ಅವಳು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬರಹ ಬಂತು: 'ಭೀಮರಾಯ ಸಾವುಕಾರ್ರ ಪಟ. ಕಪ್ಪು ಬರವಲ್ದು. ಸೆಟ್ಟಿಂಗ್ ಹೇಳವಾ.'

ದೀಪ ಹಚ್ಚದೆ ಅದನ್ನು ಮೂರು ಸಲ ಓದಿದಳು.

ಶಹಾಪುರದ ಆ ಸ್ಟುಡಿಯೊಗೆ ಕೆಂಭಾವಿ, ಸುರಪುರದ ಜನವೂ ಬರುತ್ತಿದ್ದದ್ದು ಅವಳ ಕಪ್ಪಿಗಾಗಿ. ತೀರಿಕೊಂಡವರ ಹಳೆಯ ಕಪ್ಪು-ಬಿಳುಪು ಫೋಟೊವನ್ನು ಗ್ಲಾಸಿ ಕಾಗದದ ಮೇಲೆ ದೊಡ್ಡದು ಮಾಡಿಕೊಡುವ ಕೆಲಸ. ಅಂಗಡಿಯ ಪ್ರಿಂಟರಿನ ಕರಿಮಸಿ ಸಾದಾ ಕಾಗದಕ್ಕೆಂದು ಮಾಡಿದ್ದು. ಗ್ಲಾಸಿಯ ನುಣುಪು ಲೇಪ ಅದನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಗ್ಲಾಸಿ ಎಂದು ಆರಿಸಿದರೆ ಯಂತ್ರ ಕರಿಮಸಿಯನ್ನು ಮುಟ್ಟದೆ ನೀಲಿ, ಗುಲಾಬಿ, ಹಳದಿ ಕೂಡಿಸಿ ಕಪ್ಪು ಮಾಡುತ್ತದೆ. ತಲೆಗೂದಲು ಕಂದಾಗುತ್ತದೆ, ಕರಿ ಕೋಟು ಪಾಚಿಗಟ್ಟಿದಂತೆ ಕಾಣುತ್ತದೆ. ದಾನೇಶ್ವರಿ ಒಂದು ವರ್ಷ ಕಾಗದದ ಚೂರುಗಳ ಮೇಲೆ ಛಾಪಿಸಿ, ಹಳದಿಯನ್ನು ಕೂದಲೆಳೆಯಷ್ಟು ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ದಿನ ಒಣಗಲು ಬಿಟ್ಟು ಮತ್ತೆ ನೋಡಿ, ಬಾವಿಯೊಳಗೆ ಇಣುಕಿದಂಥ ಕಪ್ಪು ತಂದಿದ್ದಳು.

ಆ ಕಪ್ಪಿಗೆ ಶಿವಶರಣ ತನ್ನ ಅಳಿಯ ಶಿವರಾಜನ ಹೆಸರಿಟ್ಟ. ಪ್ರತಿ ಪಟದ ಮೂಲೆಯಲ್ಲೂ ಅದೇ ಹೆಸರು. ಅವಳು ಕೇಳಿದಾಗ ಗಿರಾಕಿಗಳ ಮುಂದೆಯೇ ನಕ್ಕಿದ್ದ. "ಈಕಿ ಪೇಪರ್ ಕತ್ತರಸಾಕಿರೀ. ಹೆಣ್ಮಕ್ಕಳಿಗಿ ಮಸಿ ಏನ್ ತಿಳೀತದ? ಒಲಿ ಮ್ಯಾಲಿನ ಬೋಗೋಣಿ ಬುಡದ ಮಸಿ ತಿಳೀತದ!" ಜೊತೆಗೂಡಿ ನಕ್ಕವರಲ್ಲಿ ಹತ್ತಿ ವ್ಯಾಪಾರಿ ಭೀಮರಾಯ ಸಾವುಕಾರನ ಮಗ ವಿಶ್ವರಾಧ್ಯನೂ ಇದ್ದ. ಅವತ್ತೇ ಅವಳು ಆ ಸೆಟ್ಟಿಂಗ್ ಇದ್ದ ತನ್ನ ಪೆನ್‌ಡ್ರೈವ್ ಕಿತ್ತುಕೊಂಡು ಹೊರಬಿದ್ದಿದ್ದಳು.

ಈಗ ಅವಳು ಉತ್ತರ ಬರೆಯಲಿಲ್ಲ. ಬರೆದದ್ದು ಉಳಿಯುತ್ತದೆ. ಫೋನು ಹಚ್ಚಿದಳು.

"ಪುಣ್ಯ ಬರ್ಲವಾ ನಿನಗ!" ಎಂದ ಶಿವಶರಣ. "ಸಾವುಕಾರ್ರು ತೀರಿಕೊಂಡ್ರಲ್ಲ, ನಾಡದು ಅವರ ಶಿವಗಣಾರಾಧನಿ. ನಾಲ್ಕು ದಿನದಿಂದ ಛಾಪಸಾಕತ್ತೀವಿ, ದನಕ್ಕ ಹಾಕೂ ಹಿಂಡಿ ಬಣ್ಣ ಬರಾಕತ್ತದ."

"ಶಿವರಾಜ ಏನಂತಾನ್ರಿ?"

"ಅವನ ತಲ್ಯಾಗೂ ಹಿಂಡೀನ ತುಂಬ್ಯಾದ. ನೀ ಹೇಳು, ಕಪ್ಪು ಹ್ಯಾಂಗ ಬರ್ತದ?"

"ಪೇಪರ್ ಟೈಪ್‌ನಾಗ ಗ್ಲಾಸಿ ತಗದು ಪ್ಲೇನ್ ಇಡ್ರಿ. ಗ್ರೇಸ್ಕೇಲ್ ಒತ್ರಿ. ಬರೇ ಕರಿಮಸಿ ಬರ್ತದ. ಬಂದಮ್ಯಾಲ ಕೈ ಹಚ್ಚಬ್ಯಾಡ್ರಿ."

ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಕಪ್ಪು ಹೇಗೆ ಬರುತ್ತದೆಂದು ಅವನು ಕೇಳಿದ್ದ. ಹೇಗೆ ಉಳಿಯುತ್ತದೆಂದು ಕೇಳಿರಲಿಲ್ಲ. ಅರ್ಧ ತಾಸಿಗೆ ಪಟದ ಫೋಟೊ ಕಳಿಸಿದ. ಸಾವುಕಾರನ ಕೋಟು ಅಮಾವಾಸ್ಯೆಯಂತೆ ಇತ್ತು. ಆ ಮಸಿ ಕಾಗದದ ಮೇಲೆ ಬರಿದೇ ಕುಳಿತಿದೆ, ಒದ್ದೆ ಬೆರಳು ಸೋಕಿದರೆ ಎದ್ದು ಬರುತ್ತದೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಒದ್ದೆ ಬೆರಳು ಸೋಕಿಯೇ ಸೋಕುತ್ತದೆ ಎಂಬುದೂ ಗೊತ್ತಿತ್ತು. ಪಟಕ್ಕೆ ಗಾಜು ಹಾಕುವ ಮೊದಲು ವಿಭೂತಿ ಹಚ್ಚುವುದು ಆ ಮನೆಯ ಪದ್ಧತಿ. ಗಾಜಿನ ಮೇಲೆ ಹಚ್ಚಿದ್ದು ಗಾಜಿಗೆ ಹೋಗುತ್ತದೆ, ಹಿರಿಯರಿಗಲ್ಲ ಎನ್ನುತ್ತಿದ್ದರು.

ಆರಾಧನೆಯ ದಿನ ದಾನೇಶ್ವರಿ ಸಾವುಕಾರನ ಮನೆಗೆ ಹೋಗಿ ಬಾಗಿಲ ಬಳಿಯ ಕಂಬಕ್ಕೆ ಒರಗಿ ಕುಳಿತಳು. ಎಲ್ಲರ ಕೈಗಳೂ ಅಲ್ಲಿಂದ ಕಾಣುತ್ತಿದ್ದವು. ಪಟದ ಪಕ್ಕದಲ್ಲಿ ಶಿವಶರಣ ಗಾಜು, ಚೌಕಟ್ಟು ಹಿಡಿದು ಎದೆಯುಬ್ಬಿಸಿ ನಿಂತಿದ್ದ. ವಿಶ್ವರಾಧ್ಯ ಮೊದಲು ಮುಟ್ಟಲಿ ಎಂದು ಅವಳು ಕಾದಿದ್ದಳು. ಆದರೆ ಸ್ವಾಮಿಗಳು, "ಮೊದಲ ಅಮ್ಮಾರು ಹಚ್ಚಲಿ" ಎಂದರು.

ಹೀಗಾಗುತ್ತದೆಂದು ದಾನೇಶ್ವರಿ ಎಣಿಸಿರಲಿಲ್ಲ. ಸಾವುಕಾರನ ಹೆಂಡತಿ ಪಾರ್ವತಿಬಾಯಿ ಅವಳಿಗೇನೂ ಕೆಟ್ಟದ್ದು ಮಾಡಿರಲಿಲ್ಲ. ಹಿಂದೊಮ್ಮೆ ಆ ಮುದುಕಿ ಓಟಿನ ಕಾರ್ಡಿಗೆ ಫೋಟೊ ತೆಗೆಸಲು ಬಂದಾಗ, "ಈ ಮಾರಿಗಿ ಒಂದ ಸಾಕ್ರಿ, ಕಾಗದ ಕೆಡಸಬ್ಯಾಡ್ರಿ" ಎಂದಿದ್ದ ಸಾವುಕಾರ. ಮುದುಕಿ ಸೆರಗನ್ನು ಹಣೆಯ ತನಕ ಎಳೆದುಕೊಂಡದ್ದನ್ನು ದಾನೇಶ್ವರಿ ನೋಡಿದ್ದಳು. ಈಗ ಎದ್ದು ತಡೆಯಬಹುದಿತ್ತು. ಅರ್ಧ ಎದ್ದಳು. ಶಿವಶರಣನ ಮುಖ ನೋಡಿ ಮತ್ತೆ ಕುಳಿತಳು.

ಪಾರ್ವತಿಬಾಯಿ ವಿಭೂತಿ ಕಲಸಿದ ನೀರಿನಲ್ಲಿ ಮೂರು ಬೆರಳು ಅದ್ದಿ ಗಂಡನ ಹಣೆಗೆ ಎಳೆದಳು. ಹಣೆ ಬೆರಳಿಗೆ ಬಂತು. ಟೊಪ್ಪಿಗೆಯ ಕಪ್ಪು ಹುಬ್ಬಿನ ಮೇಲೆ ಇಳಿಯಿತು.

"ಯಪ್ಪಾ!" ಎಂದು ಯಾರೋ ಚೀರಿದರು.

ಮುದುಕಿ ತನ್ನ ಬೆರಳು ನೋಡಿಕೊಂಡಳು. ಆಮೇಲೆ ಸೆರಗಿನ ತುದಿಯನ್ನು ಬಟ್ಟಲಿಗೆ ಅದ್ದಿದಳು. ಗಾಬರಿಯಾಗಿ ಸರಿಮಾಡಲು ಹೊರಟಿದ್ದಾಳೆ ಎಂದುಕೊಂಡು ಹೆಂಗಸರು ಅಳತೊಡಗಿದರು. ಆದರೆ ಆ ಕೈ ನಡುಗುತ್ತಿರಲಿಲ್ಲ. ಅದು ಹಣೆಗೆ ಹೋಗಲಿಲ್ಲ, ನೇರ ಬಾಯಿಗೆ ಹೋಯಿತು. ಬಾಯಿ ಪೂರ್ತಿ ಹೋದ ಮೇಲೆ ಮೀಸೆ, ಆಮೇಲೆ ಒಂದೊಂದಾಗಿ ಕಣ್ಣು. ಪಾತ್ರೆಯ ಜಿಡ್ಡು ತೆಗೆಯುವವಳಂತೆ ಸಾವಕಾಶ ಒರೆಸಿದಳು. ಕೊನೆಗೆ ಉಳಿದದ್ದು ಒಂದು ಕೋಟು, ಅದರ ಮೇಲೆ ಬೂದು ಕಲೆ.

"ಏನ್ ಛಾಪಿಸೀಯೋ ಇದನ್ನ!" ವಿಶ್ವರಾಧ್ಯ ಶಿವಶರಣನ ಕೊರಳಪಟ್ಟಿ ಹಿಡಿದ.

"ನಾ ಅಲ್ರೀ ಧಣಿ! ಈಕೀನ ಹೇಳಿದ್ಲು ಸೆಟ್ಟಿಂಗ್!"

ಎಲ್ಲರೂ ತಿರುಗಿದರು. ದಾನೇಶ್ವರಿ ಸೆರಗು ಹೊದ್ದು ಮೆಲ್ಲಗೆ ಎಂದಳು, "ನಾ ಪೇಪರ್ ಕತ್ತರಸಾಕಿರೀ. ಮಸಿ ನನಗೇನ್ ತಿಳೀತದ?"

ಶಿವಶರಣ ಕೊರಳಪಟ್ಟಿ ಬಿಡಿಸಿಕೊಂಡ. ಗಾಜು ಅಲ್ಲೇ ಬಿಟ್ಟು ಚಪ್ಪಲಿ ಹುಡುಕುತ್ತ ಹೊರಟ.

ಹಿತ್ತಲ ಬಚ್ಚಲಲ್ಲಿ ಪಾರ್ವತಿಬಾಯಿಯ ಕೈಗೆ ದಾನೇಶ್ವರಿಯೇ ನೀರು ಹಾಕಿದಳು.

"ನಿನ್ನ ಕೈಯಾಂದು ಆಗಿದ್ರ ಹಿಂಗ ಹೋಗ್ತಿತ್ತೇನ ತಂಗೀ?"

"ಹೋಗ್ತಿದ್ದಿಲ್ರಿ ಅಮ್ಮಾರ."

"ಹಂಗಾರ ಛೊಲೊ ಆತು."

ಅಷ್ಟರಲ್ಲಿ ವಿಶ್ವರಾಧ್ಯ ಬಂದ. "ಅವತ್ತ ನಕ್ಕಿದ್ದು ತಪ್ಪಾತ್ರಿ ಅಕ್ಕಾರ. ಇನ್ನೊಂದು ನೀವ ಮಾಡಿಕೊಡ್ರಿ. ಮೂಲ್ಯಾಗ ನಿಮ್ಮ ಹೆಸರ ಇರ್ಲಿ."

ಎಂಟು ತಿಂಗಳು ಅವಳು ಕಾದದ್ದು ಈ ಮಾತಿಗೇ. ಪಾರ್ವತಿಬಾಯಿ ಕೈ ಉಜ್ಜುವುದನ್ನು ನಿಲ್ಲಿಸಿದ್ದಳು.

"ಹೆಸರು ಹಾಕ್ತೀನ್ರಿ," ಎಂದಳು ದಾನೇಶ್ವರಿ. "ಅಮ್ಮಾರು ಯಾವಾಗ ಅಂತಾರ, ಆವಾಗ ಮಾಡ್ತೀನಿ."

"ಅವಸರೇನದ?" ಎಂದಳು ಮುದುಕಿ, ಮಗನ ಕಡೆ ತಿರುಗದೆ. "ಮಳಿಗಾಲ ಮುಗೀಲಿ. ಮಸಿ ಒಣಗಬೇಕಲ್ಲ."

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ತಂಗಿ ಸೌಭಾಗ್ಯ ಬಾಗಿಲಲ್ಲೇ ಹಿಡಿದಳು. "ಶಿವಶರಣನ ಪಟ ಕರಗಿತಂತಲ್ಲಕ್ಕಾ! ನೀ ಏನಾರ ಮಾಡೀಯೇನ?"

ಹೇಳಬೇಕಾದ ಮಾತೆಲ್ಲ ತುಟಿಯ ತನಕ ಬಂದಿತ್ತು. ದಾರಿಯುದ್ದಕ್ಕೂ ಅವನ್ನು ಜೋಡಿಸಿಕೊಂಡೇ ಬಂದಿದ್ದಳು. ಆದರೆ ಫೋನಿನ ಮಾತು ಹೇಳಿದರೆ ಮಸಿಯ ಮಾತು ಬರುತ್ತದೆ. ಮಸಿಯ ಮಾತು ಬಂದರೆ, ಮೂರು ಬೆರಳು ಹಣೆಗೆ ಎಳೆದರೆ ಬಾಯಿ ಹೇಗೆ ಹೋಯಿತು ಎಂದು ಯಾರಾದರೂ ಕೇಳುತ್ತಾರೆ. ಆ ಕೈ ಗಾಬರಿಯದಲ್ಲ, ಬೇಕೆಂದೇ ಒರೆಸಿತು ಎಂದು ಕಂಡವಳು ತಾನೊಬ್ಬಳೇ.

"ಮಸಿ ಹಸಿ ಇತ್ತಂತ," ಎಂದಳು. "ಊಟ ಛೊಲೊ ಮಾಡಿದ್ರು."

ಒಳಗೆ ಹೋಗಿ ಶಿವಶರಣ ಕಳಿಸಿದ್ದ ಫೋಟೊವನ್ನು ಫೋನಿನಿಂದ ಅಳಿಸಿದಳು. ಸೌಭಾಗ್ಯಳಿಗೂ ಹೇಳುವುದಿಲ್ಲ, ಯಾರಿಗೂ ಇಲ್ಲ ಎಂದುಕೊಂಡಳು.