ಮಾಣಿಕಪ್ಪನ ಜೊತೆ ಮರಳಿ ಬಂದ ಪಾಸ್‌ಪೋರ್ಟು

ನಾನು ಒಂದು ಪಾಸ್‌ಪೋರ್ಟು. ಹುಟ್ಟಿದಾಗ ನನಗೆ ಹೆಸರಿರಲಿಲ್ಲ. ನೀಲಿ ರಟ್ಟು, ಒಳಗೆ ಖಾಲಿ ಹಾಳೆಗಳು, ಅಷ್ಟೇ. ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ನೆಲಕ್ಕೆ ಫರಸಿ ಕಲ್ಲು ಹಾಸುತ್ತಿದ್ದ ಮಾಣಿಕಪ್ಪನ ಫೋಟೋ ನನ್ನ ಮೈಮೇಲೆ ಅಚ್ಚಾದ ದಿನ ನನಗೊಂದು ಮುಖ ಬಂತು.

ಅಂಚೆಯವನು ನನ್ನನ್ನು ತಂದಾಗ ಮಾಣಿಕಪ್ಪ ಸಿಮೆಂಟಿನ ಕೈ ತೊಳೆದು ಬಂದೇ ಮುಟ್ಟಿದ. ಹೆಂಡತಿ ಪುತಳಾಬಾಯಿ ಫೋಟೋ ನೋಡಿ ನಕ್ಕಳು. "ಯಾಕ್ರೀ, ಪೊಲೀಸ್ರು ಹಿಡಿದು ನಿಲ್ಲಿಸಿದಂಗ ನಿಂತೀರಿ?"

ಗಲ್ಫಿಗೆ ಇಳಿದ ದಿನವೇ ಕಂಪನಿಯವರು ನನ್ನನ್ನು ಅವನಿಂದ ತೆಗೆದುಕೊಂಡು ಆಫೀಸಿನ ಕಬ್ಬಿಣದ ಕಪಾಟಿನಲ್ಲಿಟ್ಟರು. ಅಲ್ಲಿ ನನ್ನಂಥವು ನೂರಾರು ಇದ್ದವು. ಆರು ವರ್ಷದಲ್ಲಿ ಮಾಣಿಕಪ್ಪನ ಕೈ ನನಗೆ ಸಿಕ್ಕಿದ್ದು ಎರಡೇ ಸಲ, ರಜೆಗೆ ಊರಿಗೆ ಹೋದಾಗ.

ಅವನು ಸತ್ತದ್ದು ನನಗೆ ಗೊತ್ತಾದದ್ದು ಆಫೀಸಿನವರ ಮಾತಿನಿಂದ. ಮೂರನೇ ಮಹಡಿಯಲ್ಲಿ ನೆಲ ಮಾಡುತ್ತಿದ್ದವನು "ಎದಿ ಹಿಡದದ" ಎಂದು ಗೋಡೆಗೆ ಒರಗಿ ಕುಳಿತನಂತೆ. ಕುಳಿತವನು ಮತ್ತೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಅವನ ತಮ್ಮ ಝರೆಪ್ಪ ಬಂದ. ಅವನು ಅದೇ ದೇಶದ ಇನ್ನೊಂದು ಊರಿನಲ್ಲಿ ಒಬ್ಬರ ಮನೆಯ ತೋಟದ ಕೆಲಸಕ್ಕಿದ್ದ. ಎರಡು ತಾಸಿನ ಬಸ್ಸಿನ ದಾರಿ.

"ಅಣ್ಣನ ಪಾಸ್‌ಪೋರ್ಟ್ ಕೊಡ್ರಿ ಸಾಹೇಬ್ರ. ಅದಿಲ್ದ ಹೆಣ ಬಿಡೂದಿಲ್ಲ ಅಂತಾರ."

ಗುಮಾಸ್ತ ಮೊಹಿಯುದ್ದೀನ್ ಸಾಹೇಬರು ಹೈದರಾಬಾದಿನವರು. ತಲೆ ಎತ್ತದೆಯೇ ಹೇಳಿದರು: "ಮಾಲೀಕರು ಪರದೇಶಕ್ಕೆ ಹೋಗಿದ್ದಾರೆ. ಅವರು ಹೇಳದೆ ಕಪಾಟು ತೆರೆಯುವ ಹಾಗಿಲ್ಲ. ನಾಳೆ ಬಾ."

ನಾಳೆ ಬಂದ. ನಾಡಿದ್ದೂ ಬಂದ. ಬಾಗಿಲ ಪಕ್ಕದ ನೀರಿನ ಡಬ್ಬಿಯ ಹತ್ತಿರ ನೆಲದ ಮೇಲೆ ಕೂರುತ್ತಿದ್ದ. ಅವನಿಗೂ ನನಗೂ ನಡುವೆ ಒಂದು ತಗಡಿನ ಬಾಗಿಲು, ಹತ್ತು ಹೆಜ್ಜೆ ನೆಲ. ನನಗೆ ಕೂಗಲು ಬಾಯಿಲ್ಲ.

ಊರಿನಿಂದ ಪುತಳಾಬಾಯಿಯ ಫೋನು ಬಂದೇ ಬರುತ್ತಿತ್ತು. ಅಣ್ಣನ ಹೆಂಡತಿಯನ್ನು ಅವನು ವೈನಿ ಎನ್ನುತ್ತಿದ್ದ.

"ಎಲ್ಲಿಟ್ಟಾರೋ ಅವ್ರನ್ನ?"

"ದವಾಖಾನಿ ಒಳಗ, ವೈನಿ. ತಂಪು ಪೆಟ್ಟಿಗ್ಯಾಗ."

"ಅವ್ರಿಗಿ ಥಂಡಿ ಆಗಿಬರಂಗಿಲ್ಲೋ, ಝರೆಪ್ಪಾ."

ಅವನು ಫೋನನ್ನು ಎದೆಗೊತ್ತಿಕೊಂಡು ಅತ್ತ.

ಹದಿಮೂರನೇ ದಿನ ಕಂಪನಿಯ ಇನ್ನೊಬ್ಬ ಅಧಿಕಾರಿ ಒಂದು ಕಾಗದ ತಂದು ಅವನ ಮುಂದಿಟ್ಟ. ಇಲ್ಲೇ ಮಣ್ಣು ಮಾಡಲು ಮನೆಯವರ ಒಪ್ಪಿಗೆಯಿದೆ ಎಂದು ಅದರಲ್ಲಿ ಬರೆದಿತ್ತು. "ಸಹಿ ಮಾಡಿದರೆ ನಾಳೆಯೇ ಮುಗಿಯುತ್ತದೆ" ಎಂದ. ಝರೆಪ್ಪನ ಯಜಮಾನ, ಇನ್ನೊಂದು ದಿನ ತಪ್ಪಿಸಿದರೆ ಬರಲೇಬೇಡ ಎಂದಿದ್ದ. ಅವನ ಕೈ ಪೆನ್ನು ಹಿಡಿದೇ ಬಿಟ್ಟಿತು. ಮತ್ತೆ ಕೆಳಗಿಟ್ಟು, ವೈನಿಗೆ ಫೋನು ಮಾಡಿದ.

"ಕುಂಕುಮ ಅಳಿಸಿಲ್ಲೋ ನಾ ಇನ್ನಾ" ಎಂದಳು ಅವಳು. "ಮಂದಿ ಸತ್ತಾರ ಅಂತಾರ, ನಾ ನೋಡಿಲ್ಲ. ಒಂದ್ಸಲ ಮುಖ ತೋರ್ಸು. ಆಮ್ಯಾಗ ಏನಾರ ಮಾಡ್ಕೋರಿ."

ಅವನು ಸಹಿ ಮಾಡದೆ ಕಾಗದ ವಾಪಸ್ ಕೊಟ್ಟ.

ಹದಿನೇಳನೇ ದಿನ ಝರೆಪ್ಪ ಏನೂ ಕೇಳಲಿಲ್ಲ. ಕೇಳುವ ಶಕ್ತಿಯೇ ಉಳಿದಿರಲಿಲ್ಲ. ಪುತಳಾಬಾಯಿಯ ಫೋನು ಬಂದಾಗ ಎದ್ದು ಹೋಗಿ ಅದನ್ನು ಮೊಹಿಯುದ್ದೀನ್ ಸಾಹೇಬರ ಮೇಜಿನ ಮೇಲಿಟ್ಟ. "ನನ್ನಿಂದ ಆಗವಲ್ದು, ಸಾಹೇಬ್ರ. ನೀವೇ ಹೇಳ್ರಿ ಅಕಿಗಿ."

ಅವಳು ನಮ್ಮ ಕಡೆಯ ಉರ್ದುವಿನಲ್ಲೇ ಮಾತಾಡಿದಳು. ಸಾಹೇಬರ ತಾಯಿ ಆಡುತ್ತಿದ್ದಂಥ ಉರ್ದು. ಬೈಯಲಿಲ್ಲ, ಅಳಲಿಲ್ಲ.

"ಭಾಯಿ, ನೀವು ಅಲ್ಲಿಗೆ ಹೋಗಿ ಎಷ್ಟು ವರ್ಷ ಆಯಿತು?"

"ಇಪ್ಪತ್ತಾರು."

"ನಿಮಗೇನಾದರೂ ಆದರೆ ಮನೆಯವರು ಯಾರ ಹತ್ತಿರ ಕೇಳಬೇಕು?"

ಸಾಹೇಬರು ಫೋನನ್ನು ಝರೆಪ್ಪನಿಗೆ ವಾಪಸ್ ಕೊಟ್ಟರು. ಮಧ್ಯಾಹ್ನದ ನಮಾಜಿಗೆ ಎಲ್ಲರೂ ಹೋದರು, ಅವರು ಹೋಗಲಿಲ್ಲ. ಬೀಗದ ಸದ್ದಾಯಿತು, ನನ್ನ ಕಣ್ಣಿಗೆ ಬೆಳಕು ಹೊಡೆಯಿತು. ಸಾಹೇಬರು ನನ್ನನ್ನು ಝರೆಪ್ಪನ ಅಂಗಿಯ ಒಳಗೆ ತುರುಕಿ, "ಓಡು. ಕೇಳಿದರೆ ನಾನೇ ಕೊಟ್ಟೆ ಅಂತ ಹೇಳುತ್ತೇನೆ, ಏನು ಬೇಕಾದರೂ ಮಾಡಿಕೊಳ್ಳಲಿ" ಎಂದರು.

ಆಮೇಲಿನದು ಬಾಗಿಲಿಂದ ಬಾಗಿಲಿಗೆ ಅಲೆದಾಟ. ಪೊಲೀಸು, ಆಸ್ಪತ್ರೆ, ರಾಯಭಾರ ಕಚೇರಿ. ಶವಾಗಾರದಲ್ಲಿ ನನ್ನನ್ನು ತೆರೆದು ಮಾಣಿಕಪ್ಪನ ಮುಖದ ಪಕ್ಕ ಹಿಡಿದರು. ನಾನೂ ಅವನೂ ಒಬ್ಬರಿಗೊಬ್ಬರು ಕೊನೆಯ ಸಲ ಎದುರಾದದ್ದು ಹಾಗೆ. ಅದೇ ವಾರ ನನ್ನ ಮೂಲೆ ಕತ್ತರಿಸಿ, ರದ್ದು ಎಂದು ಮುದ್ರೆ ಒತ್ತಿದರು.

ಝರೆಪ್ಪ ಜೊತೆಗೆ ಬರಲಾಗಲಿಲ್ಲ. ಅವನ ಪಾಸ್‌ಪೋರ್ಟೂ ಅವನ ಯಜಮಾನನ ಕಪಾಟಿನಲ್ಲಿತ್ತು. ಪೆಟ್ಟಿಗೆಯ ಮೇಲೆ ಅಂಟಿಸಿದ ಲಕೋಟೆಯಲ್ಲಿ ಕಾಗದಪತ್ರಗಳ ನಡುವೆ ಮಲಗಿ, ಮಾಣಿಕಪ್ಪನ ಜೊತೆ ನಾನೊಬ್ಬನೇ ಹಾರಿದೆ.

ಇಪ್ಪತ್ತನಾಲ್ಕನೇ ದಿನ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪುತಳಾಬಾಯಿಯೂ ಮಾಣಿಕಪ್ಪನ ಕಾಕಾ ಸೋಪಾನಪ್ಪನೂ ಕಾದಿದ್ದರು. ಲಕೋಟೆಯಿಂದ ನನ್ನನ್ನು ತೆಗೆದು ಅವಳ ಕೈಗೆ ಕೊಟ್ಟರು. ಊರು ಮುಟ್ಟುವ ತನಕ ಅವಳು ನನ್ನನ್ನು ಬಿಡಲಿಲ್ಲ. ನನ್ನ ರಟ್ಟು ಬೆವರಿನಿಂದ ಒದ್ದೆಯಾಯಿತು.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಪೂಜೆಗೆ ಕೂತ ಹಾಗೆ ಕೂಡ್ರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಹೊಲದಲ್ಲಿ ಅದಕ್ಕೆ ತಕ್ಕ ಗುಂಡಿ ತೋಡಿಟ್ಟಿದ್ದರು. ಪೆಟ್ಟಿಗೆ ತೆರೆದರು. ಪುತಳಾಬಾಯಿ ಕಪ್ಪಾದ ಆ ಮುಖವನ್ನು ದಿಟ್ಟಿಸಿ ನೋಡಿ, ಕೆನ್ನೆ ಮುಟ್ಟಿ, "ಇವ್ರೇ" ಎಂದಳು. ಆಮೇಲೆ ತನ್ನ ಕೈಯಾರೆ ಕುಂಕುಮ ಅಳಿಸಿಕೊಂಡಳು.

ಸಂಸ್ಕಾರ ಮಾಡಿಸಲು ಬಂದ ಅಯ್ಯನವರು ಹೆಣದ ಮೊಣಕಾಲು ಮುಟ್ಟಿ ನೋಡಿ ತಲೆ ತಗ್ಗಿಸಿದರು. "ಮೈ ಕಟ್ಟಿಗಿ ಆಗ್ಯಾದ. ಮಡಚಿದ್ರ ಮುರೀತಾವ. ಕೂಡ್ರಸಾಕ ಬರಂಗಿಲ್ಲ."

"ಆರು ವರ್ಷ ಮೊಣಕಾಲ ಮ್ಯಾಲೇ ಕೂತು ದುಡದಾರ್ರೀ" ಎಂದಳು ಅವಳು. "ಈಗೊಂದು ಸಲ ಕೂಡಾಕ ಆಗಂಗಿಲ್ಲ?"

ನಾಲ್ವರು ಗುಂಡಿಗಿಳಿದು ಅದನ್ನು ಉದ್ದ ಮಾಡತೊಡಗಿದರು. ಅಷ್ಟು ಹೊತ್ತೂ ಅವಳು ಅವನ ತಲೆಯ ಹತ್ತಿರ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು.

ಸಂಜೆ ಝರೆಪ್ಪನ ಫೋನು ಬಂತು. ಆಗಲೂ ನಾನು ಅವಳ ತೊಡೆಯ ಮೇಲಿದ್ದೆ.

"ವೈನಿ, ಎಲ್ಲಾ ಆತ? ಅಣ್ಣನ್ನ ಚೆಂದ ಕೂಡ್ರಿಸಿದ್ರ್ಯಾ?"

ಅವಳು ಕಣ್ಣು ಮುಚ್ಚಿದಳು. "ಹೂಂ. ಚೆಂದ ಕೂಡ್ರಿಸಿದ್ವಿ. ದೇವ್ರ ಮುಂದ ಕೂತಂಗೇ ಕಾಣ್ತಿದ್ರು. ನೀ ಉಂಡು ಮಲ್ಕೋ."

ಈಗ ನಾನು ಪಡಿತರ ಚೀಟಿ, ಪಹಣಿಗಳ ಜೊತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಗೋಡೆಯ ಗೂಡಿನಲ್ಲಿದ್ದೇನೆ. ಝರೆಪ್ಪ ಊರಿಗೆ ಬಂದದ್ದು ಎರಡು ವರ್ಷದ ಮೇಲೆ. ಬಂದವನೇ ಹೊಲಕ್ಕೆ ಹೋದ. ಆ ಮಣ್ಣಿನ ದಿಬ್ಬದ ಉದ್ದ ಕಂಡರೆ ಮಲಗಿಸಿ ಹೂಳಿದ್ದು ಯಾರಿಗಾದರೂ ತಿಳಿಯುತ್ತದೆ. ತಿರುಗಿ ಬಂದು ಊಟಕ್ಕೆ ಕೂತ. ಬಡಿಸುತ್ತಿದ್ದ ಪುತಳಾಬಾಯಿಯ ಕೈ ನಿಂತಿತು. ಅವನು ಮುಖ ಮೇಲೆತ್ತದೆ, "ಇನ್ನೊಂದು ರೊಟ್ಟಿ ಹಾಕ್ರಿ, ವೈನಿ" ಎಂದ. ಅವಳು ಹಾಕಿದಳು.

ಒಬ್ಬ ಮನುಷ್ಯನನ್ನು ಗಡಿ ದಾಟಿಸುವುದಷ್ಟೇ ನನಗೆ ಗೊತ್ತಿತ್ತು. ಉಳಿದವರು ಒಬ್ಬರನ್ನೊಬ್ಬರು ಹೇಗೆ ದಾಟಿಸುತ್ತಾರೆ ಎಂಬುದನ್ನು ರದ್ದಾದ ಮೇಲೆ, ಈ ಗೂಡಿನಿಂದ ಕಂಡೆ.