ಹೆಬ್ಬೆರಳಿನ ಹಸಿರು ಪಟ್ಟಿ

ಕೊತ್ತಂಬರಿ, ಹೌದು, ಕೊತ್ತಂಬರಿಯದೇ ವಾಸನೆ, ವಿಮಾನ ಹತ್ತಿ ಕಡಲು ದಾಟಿ ಬಂದ ಈ ಟೆಲ್ ಅವೀವ್ ಊರಿನ ಸಂತೆಯಲ್ಲೂ ಅದು ಅಥಣಿಯ ಸಂತೆಯಲ್ಲಿ ಬಡಿಯುವ ಹಾಗೆಯೇ ಮೂಗಿಗೆ ಬಡಿಯುತ್ತದಲ್ಲ, ಎಂದುಕೊಳ್ಳುತ್ತಲೇ ಮುರಗೆಪ್ಪ ಭುಜ ಓರೆ ಮಾಡಿ ಜನರ ನಡುವೆ ನುಸುಳುತ್ತಾನೆ, ಉಪ್ಪುನೀರಿನ ಕಾಯಿಗಳ ಪೀಪಾಯಿ, ಒಣ ಅಂಜೂರದ ಸರ, ಅದರಾಚೆ ದ್ರಾಕ್ಷಿ — ದ್ರಾಕ್ಷಿ ಕಂಡಮೇಲೆ ಕಾಲು ತಾನಾಗಿ ನಿಲ್ಲುತ್ತದೆ, ಮಂಗಸೂಳಿಯಲ್ಲಿ ನಾಲ್ಕು ಎಕರೆ ದ್ರಾಕ್ಷಿ ಬೆಳೆಯುವವನ ಕಾಲು ಇನ್ನೆಲ್ಲಿ ನಿಂತೀತು — ಕಾಳು ಒಂದನ್ನೊಂದು ಒತ್ತಿಲ್ಲ, ಗೊನೆಯೊಳಗೆ ಗಾಳಿಯಾಡುತ್ತದೆ, ಕಾಯಿ ಎಳೆಯದಾಗಿದ್ದಾಗಲೇ ಯಾರೋ ನಿಂತು ಹೆಚ್ಚಿನ ಕಾಳುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದಿದ್ದಾರೆ, ಯಾರದೋ ಬೆರಳು ಇದಕ್ಕಾಗಿ ನೊಂದಿದೆ, ಎಂದುಕೊಂಡೊಡನೆ ಹೆಂಡತಿ ರುಕ್ಮವ್ವನ ಹೆಬ್ಬೆರಳು, ಅದಕ್ಕೆ ಸುತ್ತಿದ ಹಸಿರು ಪಟ್ಟಿ, ಹಳೆಯ ಸೀರೆಯ ಅಂಚಿನಿಂದ ಹರಿದದ್ದು, ಪ್ರತಿವರ್ಷ ಕಾಳು ಕತ್ತರಿಸುವ ದಿನಗಳಲ್ಲಿ ಆ ಬೆರಳಿಗೆ ಏರಿ ಕೊಯ್ಲು ಮುಗಿದಮೇಲಷ್ಟೇ ಇಳಿಯುವ ಪಟ್ಟಿ. ಹೊರಡುವ ದಿನ ನಿನಗೇನ ತರಲಿ ಎಂದು ಕೇಳಿದ್ದ, ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ಕೇಳಿದ್ದಕ್ಕೋ ಏನೋ ಅವಳು ನಕ್ಕಿದ್ದಳು, ನನಗೇನೂ ಬ್ಯಾಡ್ರಿ, ಕಂಡಕಂಡದ್ದು ತಿಂದು ಹೊಟ್ಟಿ ಕೆಡಿಸ್ಕೋಬ್ಯಾಡ್ರಿ, ಅಷ್ಟ ಸಾಕು. ಆದರೆ ಅವನು ಆಗಲೇ ನಿಶ್ಚಯಿಸಿಯಾಗಿತ್ತು: ಕತ್ತರಿ, ದ್ರಾಕ್ಷಿಗೆಂದೇ ಮಾಡಿದ ಸಣ್ಣ ಮೂತಿಯ ಕತ್ತರಿ, ನಿನ್ನೆ ಕೃಷಿ ಪ್ರದರ್ಶನದಲ್ಲಿ ಗಾಜಿನ ಹಿಂದೆ ಕಂಡು, ಮಾರಾಟಕ್ಕಿಲ್ಲವೆಂದು ಕೈತಪ್ಪಿದ್ದು — ಇಂದು ಸಂತೆ, ನಾಳೆ ಬೆಳಿಗ್ಗೆ ವಿಮಾನ, ಇಲ್ಲಿ ಸಿಗದಿದ್ದರೆ ಇನ್ನು ಸಿಗದು.

ಮುರಗ್ಯಾ, ಬಸ್ಸಿಗೆ ಇನ್ನ ಹತ್ತ ಮಿನಿಟ ಐತಿ, ಬಾರೋ — ಅದು ಬಾಬಾಸಾಹೇಬ, ಅಕ್ಕೋಳದವನು, ತಲೆಯ ಮೇಲೆ ಈಗಷ್ಟೇ ಕೊಂಡ ಬಿಳಿ ಟೊಪ್ಪಿಗೆ, ಅವನ ಹಿಂದೆ ದಿಗ್ಗೇವಾಡಿಯ ಧರೆಪ್ಪ, ಕಂಕುಳಲ್ಲಿ ಮಣ್ಣಿನ ಪೊಟ್ಟಣ, ಮುಖಕ್ಕೆ ಹಚ್ಚಿದರೆ ಚರ್ಮ ಹೊಳೆಯುವುದಂತೆ, ಇಲ್ಲಿಯ ಯಾವುದೋ ಉಪ್ಪುಸಮುದ್ರದ ಮಣ್ಣಂತೆ, ಚಿಕ್ಕೋಡಿಯ ಬೋರ್ಡಿಂಗಿನಲ್ಲಿ ಒಂದೇ ಟ್ರಂಕಿಗೆ ಮೂವರೂ ಬೀಗ ಹಾಕಿಕೊಂಡಿದ್ದ ದಿನದಿಂದ ಈ ಧರೆಪ್ಪ ಹೀಗೆಯೇ, ಬಾಬಾಸಾಹೇಬ ಬಿಡುತ್ತಾನೆಯೇ, ಲೇ ಧರ್ಯಾ, ನಿಮ್ಮೂರ ಹೊಳಿದಂಡಿ ಮಣ್ಣ ಏನ ಪಾಪ ಮಾಡಿತ್ತಲೇ, ಇಮಾನದಾಗ ಮಣ್ಣ ಹೊತಗೊಂಡ ಹೊಂಟಿ? ನಗಬ್ಯಾಡ, ನನ್ನ ಹೇಣ್ತಿ ಸಾವಕ್ಕ ಹಚಗೊಂಡು ಬೆಳ್ಳಗಾದ್ಲಂದ್ರ ನೀನ ನಮ್ಮ ಮನಿಗೆ ಬಂದು ಕೇಳತಿ ನೋಡ, ಎಲ್ಲಿ ಸಿಗತೈತಿ ಅಂತ, ಎನ್ನುತ್ತಾನೆ ಧರೆಪ್ಪ. ನಗುತ್ತ ನಡೆಯುತ್ತಿದ್ದ ಮುರಗೆಪ್ಪ ಥಟ್ಟನೆ ನಿಲ್ಲುತ್ತಾನೆ, ಸುತ್ತಿಗೆ, ಚಾಕು, ತೂಗುಹಾಕಿದ ಕುಡುಗೋಲು, ಮತ್ತು ಅಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ, ಸಣ್ಣ ಮೂತಿಯ ಕತ್ತರಿಗಳು, ಅವನ್ನು ಬೆರಳಿನಿಂದ ತೋರಿಸುತ್ತ ಹಿಂದಿಯಲ್ಲಿ ಏನೋ ತೊದಲಿದ್ದಕ್ಕೆ ತಲೆಗೆ ವಸ್ತ್ರ ಕಟ್ಟಿದ ಮುದುಕಿ ಕಣ್ಣರಳಿಸಿ ಕೇಳುತ್ತಾಳೆ, ಕುಠಲಾ ರೇ ಬಾಳಾ — ಎಲ್ಲಿಯವನೋ ಮಗನೆ? ಮರಾಠಿ, ಅಪ್ಪಟ ಮರಾಠಿ, ಅಲಿಬಾಗದ ಕಡೆಯಿಂದ ಮದುವೆಯಾದ ವರ್ಷವೇ ಇಲ್ಲಿಗೆ ಬಂದ ಯಹೂದಿ ಮುದುಕಿಯಂತೆ, ಕಾಗವಾಡದ ಗಡಿಯಲ್ಲಿ ಎರಡೂ ಭಾಷೆ ಉಂಡು ಬೆಳೆದ ಮುರಗೆಪ್ಪನಿಗೆ ಎದೆ ತುಂಬಿಬರುತ್ತದೆ, ಅವನು ಅವಳ ಮರಾಠಿಯಲ್ಲೇ ಹೇಳುತ್ತಾನೆ, ಹೆಂಡತಿಗೆ, ದ್ರಾಕ್ಷಿಯ ಕಾಳು ಕತ್ತರಿಸಲು. ಮುದುಕಿ ಎರಡು ಕತ್ತರಿ ತೆಗೆದು ಎರಡೂ ಅಂಗೈಗಳಲ್ಲಿ ಹಿಡಿದು ಕೇಳುತ್ತಾಳೆ, ಡಾವಾ ಕೀ ಉಜವಾ — ಎಡವೋ, ಬಲವೋ?

ಕತ್ತರಿಗೂ ಕೈಯುಂಟೆ? ಉಂಟು ಬಾಳಾ, ಎನ್ನುತ್ತಾಳೆ ಮುದುಕಿ, ಅಲಗು ಅದಲುಬದಲಾಗಿರುತ್ತದೆ, ಕೈ ತಪ್ಪಿದರೆ ಕತ್ತರಿ ಕಾಳನ್ನು ಕತ್ತರಿಸದು, ಹೆಬ್ಬೆರಳಿನ ಬುಡವನ್ನು ತಿನ್ನುತ್ತದೆ. ರುಕ್ಮವ್ವ ಯಾವ ಕೈಯಲ್ಲಿ — ರೊಟ್ಟಿ ಬಡಿಯುವಾಗ ಎರಡೂ ಕೈ, ಅದರಿಂದ ತಿಳಿಯದು, ನೀರು ಸೇದುವಾಗಲೂ ಎರಡೂ, ನೀಡುವಾಗ, ಹಾಂ, ನೀಡುವಾಗ ಬಲಗೈ, ಅದರಲ್ಲಿ ಸಂಶಯವಿಲ್ಲ, ಮೊಸರು, ಶೇಂಗಾ ಹಿಂಡಿ, ಪಲ್ಯ, ಎಲ್ಲವೂ ಬಲಗೈಯಿಂದಲೇ ತಾಟಿಗೆ ಬರುತ್ತದೆ, ಮದುವೆಯಾದ ಮರುದಿನ ಅವ್ವ ಒಲೆಯ ಮುಂದಿನಿಂದ ಅಂದದ್ದೂ ಕಿವಿಯಲ್ಲಿದೆ, ಆ ಕೈಲೆ ನೀಡಬೇ, ಆ ಕೈಲೆ, ನಾಕ ಮಂದಿ ಉಣ್ಣಾಕ ಕುಂತಾರ, ಅವನು ತಲೆ ಬಗ್ಗಿಸಿ ಉಣ್ಣುತ್ತಿದ್ದ, ತಲೆ ಎತ್ತಿರಲಿಲ್ಲ. ಬಸ್ಸಿನ ಹಾರ್ನ್. ಎರಡೂ ತಗೋಲೇ ಮಾರಾಯಾ, ಒಂದರೆ ಹೊಂದತೈತಿ, ಎನ್ನುತ್ತಾನೆ ಧರೆಪ್ಪ, ಎರಡನ್ನೂ ಒಯ್ದು ಅವಳ ಮುಂದಿಟ್ಟರೆ ಅವಳು ಏನೂ ಅನ್ನಲಾರಳು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಗೂಡಿನಲ್ಲಿಡುತ್ತಾಳೆ, ಮತ್ತು ಆ ಗೂಡಿನ ಕತ್ತರಿ ದಿನವೂ ಹೇಳುತ್ತದೆ, ಹದಿನೆಂಟು ವರ್ಷ ನಿನ್ನ ಎದುರಿಗೇ ಇದ್ದವನಿಗೆ ನಿನ್ನ ಕೈ ಯಾವುದೆಂದು ಗೊತ್ತಿರಲಿಲ್ಲ ಎಂದು — ಬೇಡ, ಒಂದೇ, ಸರಿಯಾದದ್ದು ಒಂದೇ. ತೋಟ ನೆನೆಯಬೇಕು, ಬಳ್ಳಿಯ ಸಾಲಿಗೆ ಈಚೆ ಅವನು, ಆಚೆ ಅವಳು, ಎಲೆಗಳ ನಡುವೆ ಅವಳ ಕೈ ಮೇಲೇಳುತ್ತದೆ, ಕತ್ತರಿ, ಹಸಿರು ಪಟ್ಟಿ, ಅದು ಏಳುವುದು ಬಲಗಡೆಯಿಂದ, ಹೌದು, ಅವನ ಬಲ ಭುಜದ ನೇರಕ್ಕೆ. ಉಜವಾ, ಎನ್ನುತ್ತಾನೆ ಮುರಗೆಪ್ಪ, ಮುದುಕಿ ಬಲಗೈಯದನ್ನು ಕಾಗದದಲ್ಲಿ ಸುತ್ತತೊಡಗುತ್ತಾಳೆ.

ಮತ್ತೆ ಹಾರ್ನ್, ಬಾಬಾಸಾಹೇಬ ತೋಳು ಹಿಡಿದು ಜಗ್ಗುತ್ತಾನೆ, ನಡೀ, ಬಿಟ್ಟ ಹೊಕ್ಕಾರ, ಆದರೆ ಕಾಲು ಕೀಳುವುದಿಲ್ಲ, ಹೆಬ್ಬೆರಳಿನ ಬುಡವನ್ನು ತಿನ್ನುತ್ತದೆ ಎಂದಳಲ್ಲ, ಕೆಲಸಕ್ಕೆ ಬರುವ ತಾರವ್ವನೂ ಅಂಥದೇ ಕತ್ತರಿ ಹಿಡಿಯುತ್ತಾಳೆ, ಅವಳ ಜೊತೆಯವರೂ, ಯಾರ ಬೆರಳಿಗೂ ಪಟ್ಟಿಯಿಲ್ಲ, ರುಕ್ಮವ್ವನದಕ್ಕೆ ಮಾತ್ರ, ಯಾಕ ನಿನಗಷ್ಟ ಗಾಯ ಎಂದು ಒಮ್ಮೆ ಕೇಳಿದ್ದಕ್ಕೆ, ನನ್ನ ಚರ್ಮನ ಮೆತ್ತಗ ಐತ್ರಿ, ಎಂದಿದ್ದಳು, ಆ ಕತ್ತರಿಯನ್ನು ಅಥಣಿಯಿಂದ ಆರಿಸಿ ತಂದವನು ಅವನೇ, ಎಂಟು ವರ್ಷದಿಂದ ಅವಳ ಕೈಯಲ್ಲಿ ಅದೇ — ಅವನು ಬಾಬಾಸಾಹೇಬನ ಕೈ ಬಿಡಿಸಿಕೊಳ್ಳುತ್ತಾನೆ, ಅಂಗಡಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ, ತೋಟದ ಸಾಲಿನ ಆಚೆ, ಅವಳು ನಿಲ್ಲುವ ಕಡೆ, ಅವಳ ಹಾಗೆ ನಿಂತಂತೆ, ಎದುರಿಗೆ ಬಳ್ಳಿ, ಬಳ್ಳಿಯ ಈಚೆ ಅವನೇ, ತಲೆ ಬಗ್ಗಿಸಿ ಗೊನೆ ನೋಡುತ್ತಿರುವ ಮುರಗೆಪ್ಪ, ಅವನ ಬಲ ಭುಜದ ನೇರಕ್ಕೆ ಎತ್ತಬೇಕಾದ ಕೈ ಯಾವುದು, ನಿಧಾನವಾಗಿ ಎತ್ತುತ್ತಾನೆ, ಸಂತೆಯ ಜನ ನೋಡುತ್ತಾರೆ, ಧರೆಪ್ಪ ಏನಾತೋ ಇವಗ ಎನ್ನುತ್ತಾನೆ, ಏಳುತ್ತಿರುವುದು ಎಡಗೈ, ಆ ಕೈಲೆ ನೀಡಬೇ, ಆ ಕೈಲೆ, ಒಂದೇ ಮಾತಿಗೆ ಅವಳು ಮನೆಯೊಳಗೆಲ್ಲ ಬಲಗೈಯವಳಾದಳು, ಎಡಗೈಯನ್ನು ತೋಟಕ್ಕಷ್ಟೇ ಉಳಿಸಿಕೊಂಡಳು, ಅಲ್ಲಿಗೂ ಅವನು ಬಲಗೈಯ ಕತ್ತರಿ ತಂದುಕೊಟ್ಟ. ಡಾವಾ, ಆಜೀ, ಡಾವಾ, ಎನ್ನುತ್ತಾನೆ, ತಿರುಗದೆಯೇ, ಎತ್ತಿದ ಕೈ ಇಳಿಸದೆಯೇ, ಹಿಂದೆ ಕಾಗದ ಬಿಚ್ಚುವ ಸಪ್ಪಳ, ಎಲ್ಲೋ ಹಾರ್ನ್, ಕಣ್ಣೆದುರು ತನ್ನದೇ ಎಡಗೈಯ ಹೆಬ್ಬೆರಳು, ಬರಿದಾದದ್ದು, ಅದರ ಬುಡದಲ್ಲಿ, ಎಲೆಗಳ ನಡುವಿನಿಂದ ಏಳುವಂತೆ, ಹಸಿರು ಪಟ್ಟಿ, ಒಗೆದೊಗೆದು ಬಿಳುಚಿದ ಹಸಿರು, ಹಲ್ಲಿನಿಂದ ಎಳೆದು ಬಿಗಿದ ಗಂಟು, ಹಸಿರು ಪಟ್ಟಿ —